ಸೋಸದ ನೀರು ಮತ್ತು ನಮ್ಮ ಚಂದ್ರಕಲಾ

ಪೀಣ್ಯದ ನಮ್ಮ ಲ್ಯಾಬಿಗೆ ಈ ಸಲ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಓದಲು ಕೊಡಬೇಕಂತೆ. ನಿಮ್ಮ ಅನುಭವ ಬರೆದುಕೊಡಿ ಮೇಡಂ, ಸ್ವಲ್ಪ ಸ್ಫೂರ್ತಿ ಬರುವ ಹಾಗಿರಲಿ ಎಂದು ಅಲ್ಲಿಯವರು ಫೋನ್ ಮಾಡಿ ಕೇಳಿದರು. ಆಗಲಿ ಎಂದೆ. ಕೂತು ಯೋಚಿಸಿದರೆ ಸ್ಫೂರ್ತಿ ಎಲ್ಲೂ ಸಿಗಲಿಲ್ಲ, ಸಿಕ್ಕಿದ್ದೆಲ್ಲ ಹೊಟ್ಟೆಕಿಚ್ಚು. ನೀರು ಪರೀಕ್ಷೆ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನನಗೆ ಬಂದ ಬಡ್ತಿ, ಹೊದಿಸಿದ ಶಾಲು, ಕೊಟ್ಟ ಹಣ್ಣಿನ ಬುಟ್ಟಿ ಇವೆಲ್ಲ ನಿಮಗೆ ಬೇಡ. ಹೊಟ್ಟೆಕಿಚ್ಚಿನ ಕಥೆಯನ್ನೇ ಹೇಳಿದರೆ ಈ ಕೆಲಸ ನಿಜಕ್ಕೂ ಎಂಥದ್ದು, ನಮ್ಮ ಕಾಲದಿಂದ ನಿಮ್ಮ ಕಾಲಕ್ಕೆ ಅದು ಹೇಗೆ ಬದಲಾಯಿತು ಎನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಮೊದಲನೆಯ ಹೊಟ್ಟೆಕಿಚ್ಚು ನಿಮ್ಮ ಮೇಲೆಯೇ. ಸೇರಿದ ವಾರವೇ ನಿಮಗೆ ತರಬೇತಿ ಕೊಟ್ಟು, ಈ ಪರೀಕ್ಷೆಯ ಉತ್ತರ ಯಾರಿಗೆ ಬೇಕು, ಉತ್ತರ ತಪ್ಪಾದರೆ ಪೆಟ್ಟು ಯಾರಿಗೆ ಬೀಳುತ್ತದೆ, ನಿಮ್ಮ ಅಂಕಿಯನ್ನು ನೀವೇ ಎಷ್ಟು ನಂಬುತ್ತೀರಿ ಎಂದು ಕೇಳುತ್ತಾರಂತೆ. ಮೂರಕ್ಕೂ ಉತ್ತರ ಬರೆಯದಿದ್ದರೆ ರಿಪೋರ್ಟಿಗೆ ಸಹಿ ಬೀಳುವುದಿಲ್ಲವಂತೆ. ನಾನು ಸೇರಿದ ಹೊಸದರಲ್ಲಿ ಇಂಥ ಒಂದು ಪ್ರಶ್ನೆ ಕೇಳಿದ್ದರೂ, ಇವಳಿಗೆ ಕೆಮಿಸ್ಟ್ರಿ ಬರುವುದಿಲ್ಲ ಎಂದು ತೀರ್ಮಾನವಾಗಿಬಿಡುತ್ತಿತ್ತು. ನಿಮಗೆ ಊಟದ ಡಬ್ಬಿಯ ಜೊತೆ ಬರುವುದು ನಮಗೆ ಜೀವಮಾನವೆಲ್ಲ ಹಿಡಿಯಿತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಒಳಗೊಳಗೇ ಉರಿಯುತ್ತದೆ.

ಎರಡನೆಯ ಹೊಟ್ಟೆಕಿಚ್ಚು ಚಂದ್ರಕಲಾಳ ಮೇಲೆ. ಅದು ದೊಡ್ಡದು, ಆದ್ದರಿಂದ ನಿಧಾನವಾಗಿ ಬರುತ್ತೇನೆ.

ಮೊದಲು ರಾಯರು. ನಾನು ಸೇರಿದಾಗ ಲ್ಯಾಬಿನ ಮುಖ್ಯಸ್ಥರು ಅವರು. ಪೂರ್ತಿ ಹೆಸರು ಬರೆಯುವುದಿಲ್ಲ, ಬರೆದರೆ ಈಗಲೂ ಕುರ್ಚಿಯಿಂದ ಎದ್ದು ನಿಲ್ಲಬೇಕು ಅನಿಸುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದೇ ಪೆನ್ನು. ಅವರ ಮುಂದೆ ಯಾರಾದರೂ "ನನಗನ್ಸುತ್ತೆ ಸಾರ್" ಎಂದು ಮಾತು ಶುರು ಮಾಡಿದರೆ ಅಲ್ಲಿಗೇ ಕೈ ಎತ್ತಿ ನಿಲ್ಲಿಸುತ್ತಿದ್ದರು. ನಿಮಗೆ ಏನನ್ನಿಸುತ್ತೆ ಅಂತ ನಿಮ್ಮ ಮನೆಯವರಿಗೆ ಹೇಳಿ, ನನಗೆ ಅಂಕಿ ಹೇಳಿ ಅನ್ನುತ್ತಿದ್ದರು. ವಿಜ್ಞಾನಿಗೆ ಕಣ್ಣಿರಬೇಕು, ಮುಖ ಇರಬಾರದು ಎನ್ನುವುದು ಅವರ ಮಾತು. ನೋಡುವವರು ಯಾರು, ಎಲ್ಲಿಯವರು, ಯಾರ ಮೇಲೆ ಕನಿಕರ ಇದೆ ಎನ್ನುವುದು ಅಂಕಿಯಲ್ಲಿ ಕಾಣಲೇಬಾರದು.

ನನಗೆ ಅದು ಬಹಳ ಹಿಡಿಸಿತ್ತು. ಆಗ ಹೆಂಗಸರ ಮಾತಿಗೆ ಯಾರೂ ಕಿವಿ ಕೊಡುತ್ತಿರಲಿಲ್ಲ, ಆದರೆ ಅಂಕಿ ಹೆಂಗಸೂ ಅಲ್ಲ ಗಂಡಸೂ ಅಲ್ಲವಲ್ಲ. ನಾನು ಹೇಳಿದ ಅಂಕಿಯನ್ನು ಕಾರ್ಖಾನೆಯ ಮಾಲೀಕರು ಬಾಯಿ ಮುಚ್ಚಿಕೊಂಡು ಕೇಳಬೇಕಿತ್ತು. ಹೊರಗಿನಿಂದ ಕ್ಯಾನಿನಲ್ಲಿ ಬಂದ ನೀರನ್ನು ಮೊದಲು ಫಿಲ್ಟರ್ ಪೇಪರಿನಲ್ಲಿ ಸೋಸುವುದು, ಕಸ ಕೆಸರನ್ನೆಲ್ಲ ಬಿಸಾಡುವುದು, ಉಳಿದ ತಿಳಿನೀರಿಗೆ ಎರಡು ಹನಿ ಆಸಿಡ್ ಹಾಕಿ ಲೋಹ ಅಳೆಯುವ ಮೆಷಿನ್ನಿಗೆ ಕೊಡುವುದು. ಈ ಕ್ರಮವನ್ನು ನಮ್ಮ ಲ್ಯಾಬಿನಲ್ಲಿ ಕೂತು ತಿದ್ದಿ ತೀಡಿ ರೂಢಿಗೆ ತಂದವಳು ನಾನೇ. ಒಂದು ದಿನ ರಾಯರು ನಾನು ತೊಳೆದಿಟ್ಟ ಗಾಜಿನ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಏನೂ ಹೇಳದೆ, ಎಲ್ಲರಿಗೂ ಕಾಣುವಂತೆ ಒಂದು ಸುತ್ತು ತಿರುಗಿಸಿ ಇಟ್ಟರು. ಆ ಒಂದು ಸುತ್ತಿನ ಮೇಲೆ ನಾನು ಬಹಳ ವರ್ಷ ಬದುಕಿದೆ.

ಎಡವಟ್ಟು ಮಾಡಲಿಲ್ಲವೇ ಎಂದರೆ, ಮಾಡಿದ್ದೇನೆ. ಹೊಸದರಲ್ಲಿ ಲೋಹಕ್ಕೆ ಲೇಪ ಹಾಕುವ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆ. ಅವರು ಹೊರಗೆ ಬಿಡುವ ನೀರಿನ ಸ್ಯಾಂಪಲ್ ತರಬೇಕಿತ್ತು. ಮಾಲೀಕರು ಬಹಳ ಮರ್ಯಾದಸ್ಥರು, ಬನ್ನಿ ಮೇಡಂ, ಬಿಸಿಲಲ್ಲಿ ಬಂದಿದ್ದೀರಿ ಎಂದು ಫ್ಯಾನಿನ ಕೆಳಗೆ ಕೂರಿಸಿ ಕಾಫಿ ಕೊಟ್ಟರು. ಆ ಕಾಫಿ ಆರುವಷ್ಟರಲ್ಲಿ ಹಿಂದುಗಡೆ ಅವರ ಕೆಲಸದವರು ಗಿಡಕ್ಕೆ ನೀರು ಹಾಕುವ ಪೈಪನ್ನು ಚರಂಡಿಯ ಬಾಯಿಗೆ ಇಟ್ಟಿದ್ದರು. ನಾನು ತಳತಳ ಹೊಳೆಯುವ ನೀರನ್ನು ಕ್ಯಾನಿನಲ್ಲಿ ತುಂಬಿಸಿಕೊಂಡು ಬಂದೆ. ಅಂಕಿ ನೋಡಿ ರಾಯರು, ಈ ನೀರಲ್ಲಿ ಎಳೆಗೂಸಿಗೆ ಸ್ನಾನ ಮಾಡಿಸಬಹುದಲ್ಲ, ಯಾವ ಪುಣ್ಯಕ್ಷೇತ್ರದಿಂದ ತಂದ್ರಿ ಎಂದು ಕೇಳಿದರು. ಇಡೀ ಲ್ಯಾಬು ನಕ್ಕಿತು. ಸ್ಯಾಂಪಲ್ಲಿಗೆ ಹೋದಾಗ ಕಾಫಿ ಕುಡಿಯಬಾರದು ಎನ್ನುವುದು ನಾನು ಕಲಿತ ಪಾಠ.

ಮುಂದೆ ಎಷ್ಟೋ ಕಾಲದ ಮೇಲೆ ಈ ಕಥೆ ಕೇಳಿ ಚಂದ್ರಕಲಾ ಎಲ್ಲರ ಹಾಗೆ ನಕ್ಕಳು, ಆಮೇಲೆ ಕೇಳಿದಳು. ನಾವು ಹೋಗದೇ ಇರುವ ಹೊತ್ತಿನಲ್ಲಿ ಆ ಚರಂಡಿಯನ್ನು ನೋಡುವವರು ಯಾರು? ನಾವು ಅವರನ್ನು ಯಾಕೆ ಕೇಳುವುದಿಲ್ಲ? ಒಂದೇ ಎಡವಟ್ಟಿನಿಂದ ನಾನು ಕಾಫಿ ಬಿಟ್ಟೆ, ಅವಳು ಕಾಫಿ ಕುಡಿಯುತ್ತಲೇ ಇಡೀ ಸ್ಯಾಂಪಲ್ ತೆಗೆಯುವ ಪದ್ಧತಿಯನ್ನು ಅನುಮಾನಿಸಿದಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಯಾಕೆ ಎಂದು ಇಷ್ಟರಲ್ಲೇ ನಿಮಗೆ ಅಂದಾಜು ಆಗಿರಬೇಕು.

ಚಂದ್ರಕಲಾ ಆನೇಕಲ್ ಕಡೆಯವಳು. ಅಪ್ಪನ ಹೊಲ ಲೇಔಟ್ ಆದ ಮೇಲೆ ಒಬ್ಬ ಅಣ್ಣ ಸಿಮೆಂಟ್ ಅಂಗಡಿ ಇಟ್ಟಿದ್ದ, ಇನ್ನೊಬ್ಬ ಕಂಪನಿ ಬಸ್ ಓಡಿಸುತ್ತಿದ್ದ, ಇವಳು ನನ್ನ ಹಾಗೇ ಎಂಎಸ್ಸಿ ಮಾಡಿ ನನಗಿಂತ ಕೆಲವು ವರ್ಷ ತಡವಾಗಿ ಲ್ಯಾಬಿಗೆ ಬಂದಳು. ಬಂದ ದಿನವೇ ನನ್ನನ್ನು ಪದ್ಮಕ್ಕ ಎಂದು ಕರೆದಳು. ಪದ್ಮಾವತಿ ಮೇಡಂ ಎಂದು ತಿದ್ದಿದೆ. ಸರಿ ಪದ್ಮಕ್ಕ ಅಂದಳು. ಅವಳು ಒಳ್ಳೆಯ ಕೆಲಸಗಾರ್ತಿಯೇನೂ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ದಿನಾ ತಡ. ತೊಳೆದ ಗಾಜಿನಲ್ಲಿ ಹನಿ ನಿಂತಿರುತ್ತಿತ್ತು. ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಕೇಳದೆ ಕೈ ಹಾಕುತ್ತಿದ್ದಳು. ಅವಳನ್ನು ಸ್ಯಾಂಪಲ್ಲಿಗೆ ಕಳಿಸಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಅಲ್ಲಿಯ ಜನರ ಜೊತೆ ಕೂತು ನೀರು ಯಾವಾಗ ನೊರೆ ಬರುತ್ತೆ, ಯಾವ ವಾರ ಬಣ್ಣ ತಿರುಗುತ್ತೆ, ಮಳೆ ಬಂದರೆ ಹೇಗೆ ಎಂದು ಹರಟುತ್ತಿದ್ದಳು. ನಾನು ಹೋದರೆ ಜನ ಎದ್ದು ನಿಂತು ದಾರಿ ಬಿಡುತ್ತಿದ್ದರು. ಅವಳು ಹೋದರೆ ಕೂತಲ್ಲೇ ಸರಿದು ಜಾಗ ಕೊಡುತ್ತಿದ್ದರು. ಮೊದಮೊದಲು ನನಗೆ ಸಿಗುವ ಮರ್ಯಾದೆಯೇ ದೊಡ್ಡದು ಅಂದುಕೊಂಡಿದ್ದೆ.

ಈಗ ಲಗ್ಗೆರೆಯ ವಠಾರಕ್ಕೆ ಬರುತ್ತೇನೆ. ನನ್ನ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಅಲ್ಲಿ.

ಸಾಲಾಗಿ ಒಂದೊಂದು ಕೋಣೆಯ ಮನೆಗಳು, ಮಧ್ಯೆ ಒಂದು ಬೋರ್‌ವೆಲ್, ಮೇಲೆ ಒಂದು ಟ್ಯಾಂಕು. ಬಾಡಿಗೆಗೆ ಇದ್ದವರೆಲ್ಲ ಯಾದಗಿರಿ, ರಾಯಚೂರು, ವಿಜಯಪುರದ ಕಡೆಯವರು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಪೀಣ್ಯದ ಕಾರ್ಖಾನೆಗಳಿಗೆ. ಸ್ವಲ್ಪ ದಿನದಿಂದ ಅನ್ನ ಬಣ್ಣ ತಿರುಗುತ್ತಿದೆ, ಬಾಯಿ ಒಗರಾಗುತ್ತದೆ, ಮಕ್ಕಳ ಮೈಮೇಲೆ ಗುಳ್ಳೆ ಏಳುತ್ತಿದೆ ಎಂದು ವಾರ್ಡ್ ಕಚೇರಿಗೆ ದೂರು ಹೋಗಿತ್ತು. ಕಚೇರಿಯವರು ನಮ್ಮ ಲ್ಯಾಬಿಗೆ ಹೇಳಿದರು. ನೀವು ಕುಡಿಯಬಹುದು ಅಂದರೆ ಬೋರ್‌ವೆಲ್ ಇರುತ್ತದೆ, ಬೇಡ ಅಂದರೆ ಮುಚ್ಚಿಸುತ್ತೇವೆ. ವಠಾರದ ಮಾಲೀಕರು ಮುಂಚೆಯೇ ಗುಡುಗಿದ್ದರು. ಬೋರ್‌ವೆಲ್ ಮುಚ್ಚಿದರೆ ಎಲ್ಲರೂ ಕೋಣೆ ಖಾಲಿ ಮಾಡಿ, ಟ್ಯಾಂಕರ್ ತರಿಸುವ ಗತಿ ನನಗಿಲ್ಲ. ಅಂದರೆ ನಾವು ತಪ್ಪುವ ಅಪಾಯ ಎರಡೂ ಕಡೆ ಇತ್ತು. ಕೆಟ್ಟ ನೀರನ್ನು ಒಳ್ಳೆಯದು ಎಂದರೆ ಜನ ವಿಷ ಕುಡಿಯುತ್ತಾರೆ. ಒಳ್ಳೆಯ ನೀರನ್ನು ಕೆಟ್ಟದ್ದು ಎಂದರೆ ಬೇಸಿಗೆಯಲ್ಲಿ ಬೀದಿಗೆ ಬೀಳುತ್ತಾರೆ.

ನಾನೂ ಚಂದ್ರಕಲಾಳೂ ಒಟ್ಟಿಗೇ ಹೋಗಿ ನೀರು ತಂದೆವು. ನಾನು ನನ್ನ ಕ್ರಮದಲ್ಲಿ ಸೋಸಿ ನೋಡಿದೆ. ನಿಕ್ಕಲ್, ಕ್ರೋಮಿಯಂ ಎರಡೂ ಮಿತಿಯ ಒಳಗೇ ಇದ್ದವು. ಅಚ್ಚುಕಟ್ಟಾದ ಅಂಕಿ, ಮೂರು ಸಲ ಮಾಡಿದರೂ ಅದೇ. ಅದನ್ನು ರಾಯರಿಗೆ ತೋರಿಸಲು ಹೊರಟಿದ್ದೆ, ಅಷ್ಟರಲ್ಲಿ ಚಂದ್ರಕಲಾ ನನ್ನ ಮೇಜಿನ ಹತ್ತಿರ ಬಂದಳು. ಅವಳು ಅದೇ ನೀರನ್ನು ಸೋಸದೆ, ಕೆಸರಿನ ಸಮೇತ ಆಸಿಡ್ ಹಾಕಿ ಕುದಿಸಿ ಮೆಷಿನ್ನಿಗೆ ಕೊಟ್ಟಿದ್ದಳು. ಅವಳ ಅಂಕಿ ಮಿತಿಯನ್ನು ದಾಟಿ ಎಷ್ಟೋ ಮೇಲೆ ಕೂತಿತ್ತು.

"ಪದ್ಮಕ್ಕ, ನೀವು ಸೋಸಿಬಿಟ್ರಿ. ಅವ್ರು ಸೋಸಲ್ವಲ್ಲ."

ಸೋಸುತ್ತಾರೆ, ನಲ್ಲಿಗೆ ಬಿಳಿ ಬಟ್ಟೆ ಕಟ್ಟಿದ್ದನ್ನು ನಾನೇ ನೋಡಿದೆ ಎಂದೆ. ಬಟ್ಟೆಯಲ್ಲಿ ಕಲ್ಲು ಕಡ್ಡಿ ನಿಲ್ಲುತ್ತೆ, ಇಷ್ಟು ನುಣ್ಣಗಿರೋದು ನಿಲ್ಲುತ್ತಾ ಅಂದಳು. ಕೆಸರಿಗೆ ಅಂಟಿಕೊಂಡ ಲೋಹ ನೀರಿನಲ್ಲಿ ಕರಗಿದ್ದಲ್ಲ, ಅದು ನೀರಿನ ಗುಣವಲ್ಲ ಎಂದು ನಾನು ಪಟ್ಟು ಹಿಡಿದೆ. ಅವಳು ನನ್ನ ಡಬ್ಬಿಯಿಂದ ಒಂದು ತುತ್ತು ತೆಗೆದುಕೊಂಡು, "ಅಂಗಲ್ಲ ಕಣಕ್ಕ. ಹೊಟ್ಟೇಲಿರೋದೂ ಆಸಿಡ್ ತಾನೆ? ನಾನು ಬಾಟ್ಲೀಲಿ ಒಂದ್ಸಲ ಮಾಡಿದ್ದನ್ನ ಅವ್ರ ಹೊಟ್ಟೆ ದಿನಾ ಮಾಡ್ತಾ ಐತೆ" ಅಂದಳು.

ಆ ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ವಠಾರದ ಮಕ್ಕಳಲ್ಲ. ಇದು ನನಗೆ ಯಾಕೆ ಹೊಳೆಯಲಿಲ್ಲ ಎನ್ನುವುದೊಂದೇ. ಹೊಟ್ಟೆಯಲ್ಲಿ ಆಸಿಡ್ ಇದೆ ಎಂದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಅವಳಿಗಿಂತ ಹೆಚ್ಚು ಕೆಮಿಸ್ಟ್ರಿ ನನಗೆ ಗೊತ್ತಿತ್ತು, ಅವಳಿಗಿಂತ ಶುದ್ಧವಾದ ಗಾಜು ನನ್ನ ಹತ್ತಿರ ಇತ್ತು. ಆದರೂ ಮಾತು ಅವಳ ಬಾಯಿಂದ ಬಂತು. ಮೈಯೆಲ್ಲ ಉರಿದುಹೋಯಿತು.

ರಾಯರ ಮುಂದೆ ಎರಡೂ ಅಂಕಿ ಇಟ್ಟೆವು. ಇದರಲ್ಲಿ ಸರಿಯಾದ್ದು ಯಾವುದು ಎಂದು ಕೇಳಿದರು.

"ಎರಡೂ ಸರಿ ಸಾರ್" ಎಂದಳು ಚಂದ್ರಕಲಾ.

ಒಂದು ನೀರಿಗೆ ಒಂದು ಅಂಕಿ, ಎರಡು ಹೇಗೆ ಸರಿಯಾಗುತ್ತೆ ಎಂದು ರಾಯರ ದನಿ ಏರಿತು. ಅವಳು ಹೆದರಲಿಲ್ಲ. "ನೀರಿನ ಬಗ್ಗೆ ಕೇಳಿದ್ರೆ ಪದ್ಮಕ್ಕಂದು ಸರಿ ಸಾರ್. ಕುಡಿಯೋರ ಬಗ್ಗೆ ಕೇಳಿದ್ರೆ ನಂದು. ಅವ್ರು ನಮ್ಮನ್ನ ಯಾವ್ದು ಕೇಳಿದ್ದಾರೆ?"

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನೀವೆಲ್ಲ ಇದನ್ನು ಈಗ ಸಲೀಸಾಗಿ ಓದಿಕೊಂಡು ಹೋಗಿರುತ್ತೀರಿ, ಸ್ವಲ್ಪ ನಿಲ್ಲಿ. ಪ್ರಶ್ನೆ ಕೇಳುವುದು ಯಾರೋ, ಉತ್ತರ ಹೇಳುವುದಷ್ಟೇ ವಿಜ್ಞಾನ ಎಂದು ನಾವು ನಂಬಿದ್ದೆವು. ಸೋಸಬೇಕೋ ಬೇಡವೋ ಎನ್ನುವುದು ಕೆಲಸದ ಕ್ರಮ, ಅದರಲ್ಲಿ ಒಳ್ಳೆಯದು ಕೆಟ್ಟದು ಎಂಬುದಿಲ್ಲ ಎಂದುಕೊಂಡಿದ್ದೆವು. ಅವಳು ತೋರಿಸಿದ್ದು ಏನೆಂದರೆ, ಫಿಲ್ಟರ್ ಪೇಪರ್ ಇಡುವಾಗಲೇ ನಾವು ಒಂದು ಪಕ್ಷ ಹಿಡಿದಿದ್ದೇವೆ. ನಮ್ಮ ವಿಜ್ಞಾನಕ್ಕೆ ಒಂದೇ ಒಂದು ತಪ್ಪಿನ ಭಯ ಇತ್ತು. ಇಲ್ಲದ ವಿಷವನ್ನು ಇದೆ ಅನ್ನಬಾರದು. ಇರುವ ವಿಷವನ್ನು ಇಲ್ಲ ಅಂದರೆ ಯಾರೂ ನಮ್ಮನ್ನು ಬೈಯುತ್ತಿರಲಿಲ್ಲ, ಇನ್ನೂ ಪುರಾವೆ ಸಾಲದು ಎಂದು ಮರ್ಯಾದೆಯಾಗಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಈ ಎರಡು ತಪ್ಪಿನಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಯಾವ ಮೆಷಿನ್ನೂ ಹೇಳುವುದಿಲ್ಲ. ಅದನ್ನು ನಾವೇ ಹೇಳಬೇಕು, ನೀರು ಕುಡಿಯುವವರನ್ನು ಕೇಳಿಕೊಂಡು ಹೇಳಬೇಕು. ಇಷ್ಟು ಚೆನ್ನಾಗಿ ಈಗ ಬರೆಯುತ್ತಿದ್ದೇನೆ. ಆವತ್ತು ಹೇಳಿದವಳು ಅವಳು.

ವಾರ್ಡ್ ಕಚೇರಿಯಲ್ಲಿ ಸಭೆ ಸೇರಿತು. ಮಾಲೀಕರು, ಬಾಡಿಗೆಯವರು, ಅಧಿಕಾರಿ, ನಾವು ಮೂವರು. ಅಧಿಕಾರಿ, ಕುಡಿಯಬಹುದೋ ಇಲ್ಲವೋ ಒಂದೇ ಮಾತಲ್ಲಿ ಹೇಳಿ ಎಂದರು. ರಾಯರು ನನ್ನ ಕಡೆ ನೋಡಿ, ಹೇಳಿ ಪದ್ಮಾವತಿ ಎಂದರು. ಅವಳ ಕಡೆ ಅಲ್ಲ, ನನ್ನ ಕಡೆ. ನಾನು ಎದ್ದು ಕ್ರಮ ಹೇಳಿದೆ, ಮಿತಿ ಹೇಳಿದೆ, ಸೋಸಿದ ಅಂಕಿ ಹೇಳಿದೆ, ಸೋಸದ ಅಂಕಿಯನ್ನೂ ಹೇಳಿದೆ. ತಪ್ಪಿಲ್ಲದೆ ಹೇಳಿದೆ. ಯಾದಗಿರಿ ಕಡೆಯ ಗಂಗವ್ವ ಎನ್ನುವ ಹೆಂಗಸು ಕೊನೆಯವರೆಗೂ ಕೇಳಿಸಿಕೊಂಡು, "ಎಲ್ಲಾ ಖರೆ ಅಕ್ಕಾರ, ಕುಡೀಬೇಕೋ ಬ್ಯಾಡೋ ಅಷ್ಟ ಹೇಳ್ರಿ" ಅಂದಳು. ನಾನು ಮತ್ತೆ ಮಿತಿಯ ಅಂಕಿಯನ್ನೇ ಹೇಳಿದೆ. ಅಂಕಿಯ ಆಚೆಗೆ ಒಂದು ಹೆಜ್ಜೆ ಇಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಚಂದ್ರಕಲಾ ಕೂತಲ್ಲಿಂದಲೇ ಹೇಳಿದಳು. "ಎಷ್ಟು ಕೆಟ್ಟದು ಅಂತ ನಮಗೆ ಗೊತ್ತಿಲ್ಲ ಗಂಗವ್ವ. ಒಂದಿನದ ನೀರಲ್ಲಿ ಗೊತ್ತಾಗಲ್ಲ. ಗೊತ್ತಾಗೋವರ್ಗೂ ಕುಡೀಬೇಡಿ, ಬಟ್ಟೆ ಪಾತ್ರೆಗೆ ಬಳಸ್ಕೊಳ್ಳಿ."

ನನಗೆ ನಾಚಿಕೆಯಾಯಿತು. ಸಭೆಯಲ್ಲಿ, ಅಧಿಕಾರಿಯ ಮುಂದೆ, ರಾಯರ ಪಕ್ಕದಲ್ಲಿ ಕೂತು ಗೊತ್ತಿಲ್ಲ ಅನ್ನುವುದೇ? ಮಾಲೀಕರೂ ಅದನ್ನೇ ಹಿಡಿದರು. ಗೊತ್ತಿಲ್ಲ ಅಂದ ಮೇಲೆ ನಿಲ್ಲಿಸೋದು ಯಾಕೆ ಎಂದು ಕೇಳಿದರು. ತಪ್ಪಾದರೆ ನಿಮಗೆ ಟ್ಯಾಂಕರಿನ ಖರ್ಚು ಹೋಗುತ್ತೆ, ಅವರಿಗೆ ಮೈ ಹೋಗುತ್ತೆ, ಅದಕ್ಕೆ ಎಂದಳು. ಅಧಿಕಾರಿ ಗಲ್ಲ ಕೆರೆದುಕೊಂಡು ಯೋಚಿಸಿ, ಕುಡಿಯುವ ನೀರಿಗೆ ಕಚೇರಿಯಿಂದ ಟ್ಯಾಂಕರ್, ಬೋರ್‌ವೆಲ್ ಬಟ್ಟೆ ಪಾತ್ರೆಗೆ ಮಾತ್ರ, ಯಾರನ್ನೂ ಖಾಲಿ ಮಾಡಿಸುವ ಹಾಗಿಲ್ಲ ಎಂದು ತೀರ್ಮಾನ ಕೊಟ್ಟರು. ಆಮೇಲೆ ತಿಂಗಳುಗಟ್ಟಲೆ ಅಲ್ಲಿಯ ನೀರು ತಂದು ನೋಡಿದೆವು. ಲೋಹ ಹೋಗಲಿಲ್ಲ, ಮಳೆಗಾಲದಲ್ಲಿ ಇನ್ನೂ ಏರಿತು. ಕೊನೆಗೆ ಬೋರ್‌ವೆಲ್ಲನ್ನೇ ಮುಚ್ಚಿ ಕೊಳಾಯಿ ಹಾಕಿಸಿದರು.

ಗಂಗವ್ವ ಚಂದ್ರಕಲಾಳ ಕೈ ಹಿಡಿದುಕೊಂಡು ಮನೆಗೆ ಊಟಕ್ಕೆ ಕರೆದಳು. ಆಮೇಲೆ ನನ್ನ ಕಡೆ ತಿರುಗಿ "ನೀವೂ ಬರ್ರಿ" ಅಂದಳು. ಆ 'ನೀವೂ' ನನಗೆ ಇವತ್ತಿಗೂ ಚುಚ್ಚುತ್ತದೆ. ಹೋದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ರೊಟ್ಟಿ ಬಹಳ ಚೆನ್ನಾಗಿತ್ತು, ಅದರಿಂದಲೂ ಸಮಾಧಾನವಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ರಾಯರು ಲ್ಯಾಬಿನ ಕ್ರಮವನ್ನೇ ಬದಲಾಯಿಸಿದರು. ಇನ್ನು ಮೇಲೆ ಕುಡಿಯುವ ನೀರು ಯಾವುದೇ ಬಂದರೂ ಸೋಸಿ ಒಂದು ಸಲ, ಸೋಸದೆ ಒಂದು ಸಲ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಬಂದು ಚಂದ್ರಕಲಾಳ ಎದುರಿಗೆ ಕೂತರು. ಅವರು ಯಾರ ಜೊತೆಯಲ್ಲೂ ಕೂತು ತಿಂದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ನಾನು ಪಕ್ಕದ ಮೇಜಿನಲ್ಲಿದ್ದೆ. ನಾನು ನಿಮ್ಮ ವಯಸ್ಸಿನಲ್ಲಿ ಇದ್ದಾಗ ಯಾರಾದರೂ ನನಗೆ ಈ ಪ್ರಶ್ನೆ ಕೇಳಬೇಕಿತ್ತಮ್ಮ ಎಂದರು. ನನಗೆ ಸಿಕ್ಕಿದ್ದು ಫ್ಲಾಸ್ಕಿನ ಒಂದು ಸುತ್ತು. ಅವಳಿಗೆ ರಾಯರು 'ಅಮ್ಮ' ಅಂದರು. ಆ ದಿನ ನನಗೆ ಊಟ ಸೇರಲಿಲ್ಲ.

ರಾಯರು ನಿವೃತ್ತರಾದ ಮೇಲೆ ಕಾಲ ಬೇಗ ಬೇಗ ತಿರುಗಿತು. ಕಾರ್ಖಾನೆಯ ಚರಂಡಿಗೇ ಮೀಟರ್ ಬಂತು, ಹಗಲು ರಾತ್ರಿ ಅದೇ ಅಳೆಯುತ್ತದೆ, ಕಾಫಿ ಕೊಟ್ಟು ಅದನ್ನು ಮರುಳು ಮಾಡಲಾಗುವುದಿಲ್ಲ. ಒಂದೊಂದೇ ಲೋಹಕ್ಕೆ ಒಂದೊಂದು ಮಿತಿ ಇಟ್ಟರೆ ಎಲ್ಲ ಒಟ್ಟಿಗೆ ಕುಡಿದಾಗ ಏನಾಗುತ್ತೆ ಎಂದು ಕೇಳುವವರು ಹುಟ್ಟಿಕೊಂಡರು. ಕೆರೆಯ ಸುತ್ತ ವಾಕಿಂಗ್ ಮಾಡುವವರು ನೊರೆಯ ಫೋಟೋ ತೆಗೆದು ಕಳಿಸತೊಡಗಿದರು, ಅದನ್ನೂ ನಾವು ಪುರಾವೆ ಅಂತ ಇಟ್ಟುಕೊಳ್ಳಬೇಕಾಯಿತು. ರಾಯರು ಇದ್ದಿದ್ದರೆ ಫೋಟೋ ಎತ್ತಿ ಹೊರಗೆ ಬಿಸಾಡುತ್ತಿದ್ದರೋ ಏನೋ. ಅಥವಾ ಬಿಸಾಡುತ್ತಿರಲಿಲ್ಲವೋ, ಲಗ್ಗೆರೆಯದಾದ ಮೇಲೆ ಅವರ ಬಗ್ಗೆ ನನಗೆ ಏನೂ ಖಚಿತವಾಗಿ ಹೇಳಲು ಬರುವುದಿಲ್ಲ.

ಒಮ್ಮೆ ವೈಟ್‌ಫೀಲ್ಡಿನ ಒಂದು ದೊಡ್ಡ ಸಭಾಂಗಣದಲ್ಲಿ ವಿಚಾರ ಸಂಕಿರಣ. ವಿಜ್ಞಾನದ ತತ್ವಶಾಸ್ತ್ರ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಒಬ್ಬ ಪ್ರೊಫೆಸರರು ಚೆನ್ನಾಗಿ ಹೇಳಿದರು. ಬಾಗಿಲು ಹಾಕಿದ ಕೋಣೆಯಲ್ಲಿ, ಬೇಡದ್ದನ್ನೆಲ್ಲ ಹೊರಗಿಟ್ಟು ಮಾಡುವ ಪ್ರಯೋಗವೇ ವಿಜ್ಞಾನದ ಮಾದರಿ ಎಂದು ಇಷ್ಟು ಕಾಲ ಅಂದುಕೊಂಡಿದ್ದೆವು. ಮೊದಲು ಸತ್ಯ, ಆಮೇಲೆ ನಿರ್ಧಾರ. ನದಿ, ಗಾಳಿ, ಮಣ್ಣು ಕೆಟ್ಟ ಮೇಲೆ ಆ ಕೋಣೆ ಸಾಲದೆ ಹೋಯಿತು. ಪೂರ್ತಿ ತಿಳಿಯುವ ಮೊದಲೇ ನಿರ್ಧಾರ ಮಾಡಬೇಕಾಗಿ ಬಂತು, ಬೇಡದ್ದೆಂದು ಹೊರಗಿಟ್ಟದ್ದೇ ಮುಖ್ಯವಾಯಿತು ಎಂದರು. ನಾನು ಬಿಸಾಡಿದ ಕೆಸರಿನ ಬಗ್ಗೆಯೇ ಹೇಳುತ್ತಿದ್ದಾರೇನೋ ಅನಿಸಿತು. ಆಮೇಲೆ ವೇದಿಕೆಗೆ ಚಂದ್ರಕಲಾಳನ್ನು ಕರೆದರು. ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಆರಿಸಿಕೊಟ್ಟವಳು ನಾನೇ. ಲಗ್ಗೆರೆಯ ಕಥೆ ಹೇಳಿದಳು. ಅದರಲ್ಲಿ ನಾನು 'ನನ್ನ ಸಹೋದ್ಯೋಗಿಯೊಬ್ಬರು' ಆಗಿ ಬಂದು ಹೋದೆ. ಹೆಸರು ಹೇಳಿದ್ದರೆ ನನಗೆ ಅವಮಾನ, ಹೇಳದೆ ಇದ್ದದ್ದಕ್ಕೆ ಸಿಟ್ಟು. ಹೊಟ್ಟೆಕಿಚ್ಚಿಗೆ ಯಾವ ಕಡೆಯಿಂದಲೂ ತೃಪ್ತಿ ಇಲ್ಲ.

ಹಿಂದಿನ ಸಾಲಿನಿಂದ ನಾನು ಎದ್ದು ಒಂದು ಪ್ರಶ್ನೆ ಕೇಳಿದೆ. ಅವಳನ್ನು ಸಿಕ್ಕಿಸಬೇಕು ಎಂದೇ ಕೇಳಿದೆ. ಕಾರ್ಖಾನೆಯವರೂ ಈಗ ಇದೇ ಮಾತು ಆಡುತ್ತಿದ್ದಾರಲ್ಲ, ವಿಜ್ಞಾನಿಗಳಿಗೇ ಖಚಿತ ಇಲ್ಲ, ಆದ್ದರಿಂದ ನಮ್ಮನ್ನು ನಮ್ಮ ಪಾಡಿಗೆ ಬಿಡಿ ಅಂತ. ನಿಮ್ಮ 'ಗೊತ್ತಿಲ್ಲ'ಕ್ಕೂ ಅವರ 'ಗೊತ್ತಿಲ್ಲ'ಕ್ಕೂ ಏನು ವ್ಯತ್ಯಾಸ? ಒಳ್ಳೆಯ ಪ್ರಶ್ನೆ. ಪ್ರೊಫೆಸರರೂ ತಲೆಯಾಡಿಸಿದರು. ಅವಳು ಮೈಕನ್ನು ಹತ್ತಿರ ಎಳೆದುಕೊಂಡು, "ಅವ್ರು ಗೊತ್ತಿಲ್ಲ ಅಂತ ಚರಂಡಿಗೆ ಬಿಡ್ತಾ ಹೋಗ್ತಾರೆ ಪದ್ಮಕ್ಕ, ನಾವು ಗೊತ್ತಿಲ್ಲ ಅಂತ ನಿಲ್ಲಿಸ್ತೀವಿ" ಅಂದಳು. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಗೆಲ್ಲಲು ಒಂದು ಒಳ್ಳೆಯ ಪ್ರಶ್ನೆ ಬೇಕಿತ್ತು, ಅದನ್ನೂ ನಾನೇ ಒದಗಿಸಿದ ಹಾಗಾಯಿತು.

ಒಂದು ಮಾತು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಅವಳ ಸೋಸದ ಅಂಕಿಗೆ ಬೆಲೆ ಬಂದದ್ದು ಪಕ್ಕದಲ್ಲಿ ನನ್ನ ಸೋಸಿದ ಅಂಕಿ ಇದ್ದದ್ದರಿಂದ. ಎರಡರ ನಡುವಿನ ಅಂತರ ನೋಡಿಯೇ ಲೋಹ ಕೆಸರಿನಲ್ಲಿದೆ ಎಂದು ಗೊತ್ತಾಗಿದ್ದು. ನನ್ನ ಗಾಜು ಕೊಳೆಯಾಗಿದ್ದರೆ ಅವಳ ತತ್ವ ಎಲ್ಲಿ ನಿಲ್ಲುತ್ತಿತ್ತು? ಹಾಗಾಗಿ ಯಾರಿಗಾಗಿ ಈ ಪರೀಕ್ಷೆ ಎಂದು ಕೇಳುವುದರಲ್ಲಿ ಮೈಮರೆತು ಫ್ಲಾಸ್ಕ್ ತೊಳೆಯದೆ ಇರಬೇಡಿ. ಇದು ಹೊಟ್ಟೆಕಿಚ್ಚಿನ ಮಾತಲ್ಲ. ಸ್ವಲ್ಪ ಇರಬಹುದು.

ನಿವೃತ್ತಿಯಾದ ಮೇಲೆ ನಾನು ಹೂಡಿಯ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ, ನೀರೆಲ್ಲ ಟ್ಯಾಂಕರಿನದೇ ಆಯಿತು. ನಲ್ಲಿಯ ನೀರಿಗೆ ಏನೋ ವಾಸನೆ ಎಂದು ಗುಲ್ಲೆದ್ದಿತು. ಅಸೋಸಿಯೇಷನ್ ಸೆಕ್ರೆಟರಿ ವೆಂಕಟೇಶ್ ಎನ್ನುವವರು ಮನೆಗೇ ಬಂದು, ಆಂಟಿ, ನೀವು ಇದರಲ್ಲೇ ಇದ್ದೋರು, ಒಂದು ಕೈ ನೋಡಿ ಎಂದರು. ನನಗೆ ಎ‌ಷ್ಟು ಖುಷಿಯಾಯಿತು ಎಂದರೆ, ಬೀರುವಿನಲ್ಲಿದ್ದ ಹಳೆಯ ಬಿಳಿ ಕೋಟನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟೆ. ನೀರು ಹಿಡಿದೆ, ಹಳೆಯ ಲ್ಯಾಬಿಗೆ ಕಳಿಸಿದೆ, ಸೋಸಿ ಒಂದು, ಸೋಸದೆ ಒಂದು, ಎರಡೂ ಮಾಡಿಸಿದೆ. ಮಿತಿ ದಾಟಿದ್ದು ಏನೂ ಸಿಗಲಿಲ್ಲ. ಆದರೆ ಟ್ಯಾಂಕರ್ ದಿನಕ್ಕೊಂದು ಕಡೆಯಿಂದ ಬರುತ್ತಿತ್ತು, ಇವತ್ತಿನ ನೀರು ನಾಳೆ ಇಲ್ಲ. ಒಳ್ಳೆಯದು ಎನ್ನಲೂ ಬಾರದು, ಕೆಟ್ಟದ್ದು ಎನ್ನಲೂ ಬಾರದು.

ನನ್ನ ಸರದಿ ಬಂತು ಎಂದುಕೊಂಡೆ. ಕ್ಲಬ್ ಹೌಸಿನಲ್ಲಿ ಎಲ್ಲರೂ ಸೇರಿದ್ದರು. ಎದ್ದು ನಿಂತು, ನಿಧಾನವಾಗಿ, ಸಮಾಧಾನವಾಗಿ ಹೇಳಿದೆ. "ಈ ನೀರು ಕುಡಿಯೋಕೆ ಸರಿಯಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ." ಹೇಳಿ ಕೂತೆ. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಸಭೆಯಲ್ಲಿ ಆಡಿದ್ದೆ, ಎದೆ ಹಗುರವಾಗಿತ್ತು.

ಒಬ್ಬರು ಫೋನ್ ನೋಡಿಕೊಂಡರು. ಇನ್ನೊಬ್ಬರು ಕೆಮ್ಮಿದರು. ವೆಂಕಟೇಶ್ ಬಹಳ ಮೃದುವಾಗಿ, ಪರವಾಗಿಲ್ಲ ಆಂಟಿ, ಗೊತ್ತಿರೋರು ಯಾರನ್ನಾದ್ರೂ ಕರೆಸೋಣ ಬಿಡಿ ಎಂದರು. ಯಾರೋ ಇಂಟರ್ನೆಟ್ಟಿನಲ್ಲಿ ಹುಡುಕಿದರು, ಹುಡುಕಿದರೆ ಸಿಗುವುದು ಯಾರು? ಮುಂದಿನ ಭಾನುವಾರ ಚಂದ್ರಕಲಾ ಬಂದಳು.

ನನ್ನ ಅಂಕಿಗಳನ್ನೆಲ್ಲ ನೋಡಿದಳು, ಬಹಳ ಚೆನ್ನಾಗಿ ಮಾಡಿಸಿದ್ದೀರಿ ಪದ್ಮಕ್ಕ ಎಂದಳು. ಆಮೇಲೆ ಸಭೆಗೆ ಹೇಳಿದಳು, ನೀರು ಸರಿಯಿದೆಯೋ ಇಲ್ಲವೋ ಗೊತ್ತಿಲ್ಲ ಅಂತ. ಅದೇ ಮಾತು. ಜನ ತಲೆಯಾಡಿಸಿದರು, ಬರೆದುಕೊಂಡರು. ಪದ್ಮಕ್ಕ ಹೇಳಿದ್ದೂ ಇದನ್ನೇ ಅಲ್ವಾ ಎಂದು ಅವಳು ಕೇಳಿದರೆ, "ಹೇಳಿದ್ರು ಮೇಡಂ, ಆದ್ರೂ ನೀವು ಹೇಳಿದ್ರೆ ಒಂದು ಧೈರ್ಯ" ಎಂದರು ವೆಂಕಟೇಶ್. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸಿತು. ಎದ್ದೂ ಬಿಟ್ಟೆ. ಆದರೆ ಅವಳ ಮಾತು ಮುಗಿದಿರಲಿಲ್ಲ.

"ಇಲ್ಲಿ ಈ ನೀರನ್ನ ನಲ್ಲಿಯಿಂದ ನೇರ ಕುಡಿಯೋರು ಯಾರಿದ್ದೀರಿ?" ಎಂದು ಕೇಳಿದಳು.

ಯಾರೂ ಇಲ್ಲ ಮೇಡಂ, ಎಲ್ಲರ ಮನೆಯಲ್ಲೂ ಶುದ್ಧ ಮಾಡುವ ಮೆಷಿನ್ ಇದೆ, ಇಲ್ಲದಿದ್ದರೆ ಕ್ಯಾನ್ ಬರುತ್ತೆ ಎಂದರು ವೆಂಕಟೇಶ್. ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಜನರೇಟರಿನ ಹಿಂದೆ, ಗೋಡೆಯ ನಲ್ಲಿಯಲ್ಲಿ, ನಮ್ಮ ವಾಚ್‌ಮನ್ನನ ಹೆಂಡತಿ ಬಿಂದಿಗೆ ತುಂಬಿಸುತ್ತಿದ್ದಳು. ಸೊಂಟದ ಮೇಲೆ ಮಗು ಇತ್ತು. ಗೇಟಿನ ಪಕ್ಕದ ಆ ಒಂದು ಕೋಣೆಯಲ್ಲಿ ಅವರು ಇರುವುದು ನನಗೆ ಗೊತ್ತಿತ್ತು. ದಿನಾ ಬೆಳಗ್ಗೆ ವಾಕಿಂಗ್ ಹೋಗುವಾಗ ಆ ಮಗುವನ್ನು ಮಾತಾಡಿಸುತ್ತೇನೆ.

ಸಭೆ ಆವತ್ತೇ ತೀರ್ಮಾನ ಮಾಡಿ ಆ ಕೋಣೆಗೆ ಕುಡಿಯುವ ನೀರಿನ ಕ್ಯಾನ್ ಕೊಡಿಸಿತು, ಟ್ಯಾಂಕರ್ ಎಲ್ಲಿಂದ ಬರುತ್ತದೆ ಎಂದು ಬರೆಸಿಕೊಳ್ಳುವ ಏರ್ಪಾಡು ಮಾಡಿತು. ಆ ನಲ್ಲಿಯ ನೀರು ಹಿಡಿಯಲು ಚಂದ್ರಕಲಾ ಬಾಟಲಿ ತೆಗೆದುಕೊಂಡು ಜನರೇಟರಿನ ಹಿಂದಕ್ಕೆ ಹೋದಳು. ನಾನೂ ಹೋದೆ. ತೊಳೆದು ಕೊಡಲೇ ಎಂದು ಕೇಳಿದೆ. ಕೊಡಿ ಪದ್ಮಕ್ಕ, ನೀವು ತೊಳೆದ್ರೆ ನಂಬಿಕೆ ಅಂದಳು.

ಇಷ್ಟು ವರ್ಷ ನಾನು ಅವಳ 'ಗೊತ್ತಿಲ್ಲ'ದ ಮೇಲೆ ಕಣ್ಣಿಟ್ಟಿದ್ದೆ. ಅದೊಂದು ಬಂದರೆ ಸಾಕು, ಅವಳ ಸಮ ಆಗುತ್ತೇನೆ ಅಂದುಕೊಂಡಿದ್ದೆ. ಅದನ್ನು ಕಲಿತೆ, ಸೋಸದೆ ಪರೀಕ್ಷೆ ಮಾಡಿಸುವುದನ್ನೂ ಕಲಿತೆ. ಅವಳು ಹೇಳಿದ ಎಲ್ಲವನ್ನೂ ತಪ್ಪಿಲ್ಲದೆ ಮಾಡಿದ್ದೆ. ಆದರೆ ನೀರನ್ನು ಹಿಡಿದದ್ದು ನನ್ನ ಅಡುಗೆಮನೆಯ ನಲ್ಲಿಯಿಂದ.